ಕಲ್ಲಿನಲ್ಲಿ ಉಳಿದ ತಡಕಾಟ

ಮಲಪ್ರಭಾ ಕಣಿವೆಯ ಐಹೊಳೆಯನ್ನು ದೇವಾಲಯ ವಾಸ್ತುಶಿಲ್ಪದ ತೊಟ್ಟಿಲೆಂದು ಕರೆಯುವುದು ವಾಡಿಕೆ. ಬಾದಾಮಿ ಚಾಲುಕ್ಯರ ಶಿಲ್ಪಿಗಳು ಐಹೊಳೆಯಲ್ಲಿ ಎಡವುತ್ತಾ ಕಲಿತರು, ಪಟ್ಟದಕಲ್ಲಿನಲ್ಲಿ ಪಳಗಿದರು ಎಂಬ ಮಾತು ಜನಜನಿತ. ಆದರೆ ಅಲ್ಲಿನ ಕಲ್ಲುಗಳು ಹೇಳುವ ಕಥೆ ಇಷ್ಟು ಸರಳವಲ್ಲ.

ಲಾಡಖಾನ್ ಗುಡಿಯನ್ನೇ ನೋಡಬಹುದು. ಅದರ ಇಳಿಜಾರು ಮಾಡಿನ ಚಪ್ಪಡಿಗಳ ಸಂದುಗಳನ್ನು ಉದ್ದನೆಯ ಕಲ್ಲಿನ ಪಟ್ಟಿಗಳು ಮುಚ್ಚಿವೆ. ಕಲ್ಲಿನ ಕಟ್ಟಡ ಇನ್ನೂ ಮರದ ಮನೆಯ ರೂಢಿಯನ್ನು ಬಿಟ್ಟಿಲ್ಲ. ಒರಟಾದುದೆಲ್ಲ ಹಳೆಯದೆಂಬ ಊಹೆಯಿಂದ ಹಿಂದೆ ಇದನ್ನು 5ನೇ ಶತಮಾನದ್ದೆಂದು ಎಣಿಸಲಾಗಿತ್ತು. ಈಗ ಅನೇಕ ವಿದ್ವಾಂಸರು ಇದನ್ನು 7ನೇ ಶತಮಾನದ ಕೊನೆ ಇಲ್ಲವೆ 8ನೇ ಶತಮಾನದ ಆರಂಭಕ್ಕೆ ತರುತ್ತಾರೆ. ದುರ್ಗಾ ಗುಡಿಯೂ ಸುಮಾರು ಅದೇ ಕಾಲದ್ದು. ಬೌದ್ಧ ಚೈತ್ಯದಂತೆ ಅದರ ಹಿಂಬದಿ ದುಂಡು. ಮೇಲಿರುವುದು ಉತ್ತರದ ಶೈಲಿಯ ಚೌಕ ಶಿಖರ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಈ ದುಂಡು ವಿನ್ಯಾಸ ಮುಂದೆ ಕರ್ನಾಟಕದಲ್ಲಿ ಬೇರೂರಲೂ ಇಲ್ಲ.

ಇನ್ನು ಪಟ್ಟದಕಲ್ಲು. ಇಮ್ಮಡಿ ವಿಕ್ರಮಾದಿತ್ಯನು (733–744) ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಎಲ್ಲಿಯೂ ಅಳುಕು ಕಾಣದು. ಅದರ ಶಿಲ್ಪಿ ಗುಂಡನಿಗೆ ಬಿರುದುಗಳು ಸಂದ ಸಂಗತಿಯನ್ನು ಶಾಸನ ಹೇಳುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಹೆಚ್ಚುಕಡಿಮೆ ಅದೇ ತಲೆಮಾರಿನ ಪಾಪನಾಥ ದೇವಾಲಯವಿದೆ. ಕಟ್ಟುತ್ತಿರುವಾಗಲೇ ಅದರ ವಿನ್ಯಾಸ ಬದಲಾದ ಗುರುತುಗಳನ್ನು ತಜ್ಞರು ಕಂಡಿದ್ದಾರೆ. ಮಂಟಪಗಳು ಉದ್ದಕ್ಕೆ ಬೆಳೆದಿವೆ. ಉತ್ತರದ ಮಾದರಿಯ ಶಿಖರ ಆ ಉದ್ದಕ್ಕೆ ತೀರ ಕುಳ್ಳಾಯಿತು. ಮಾಡಿನ ಅಂಚಿನಲ್ಲಿ ಮಾತ್ರ ದಕ್ಷಿಣದ ಅಲಂಕಾರ.

ಹಾಗಾದರೆ ತಡಕಾಟ ಎಂಬುದು ಈ ಕಲೆಯ ಬಾಲ್ಯದ ಅವಸ್ಥೆಯಾಗಿರಲಿಲ್ಲ. ಪ್ರೌಢಿಮೆ ಕೈಗೂಡಿದ ಮೇಲೂ, ಸಿದ್ಧಮಾದರಿಯೊಂದು ಕಣ್ಣೆದುರಿಗೇ ಇದ್ದಾಗಲೂ, ಇನ್ನೊಂದು ದಾರಿಯುಂಟೇ ಎಂದು ಹುಡುಕುವವರಿದ್ದರು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗುಡಿಯಲ್ಲಿ ತಪ್ಪು ಊರೆಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಆ ಅಪಾಯ ತಿಳಿದೇ ಅವರು ಉಳಿ ಹಿಡಿದರು. ಪಾಪನಾಥದ ಗೋಡೆಯ ಮೇಲೂ ರೇವಡಿ ಓವಜ್ಜ ಎಂಬ ಶಿಲ್ಪಿಯ ಹೆಸರು ಕೆತ್ತಿದೆ. ಈ ಗುಡಿಯೊಂದಿಗೆ ತನ್ನ ಹೆಸರು ಉಳಿಯುವುದಕ್ಕೆ ಅವನಿಗೆ ಸಂಕೋಚವಿದ್ದಂತೆ ಕಾಣುವುದಿಲ್ಲ.

ಉತ್ತರ-ದಕ್ಷಿಣಗಳ ಹದವಾದ ಬೆಸುಗೆ ಸಾಧ್ಯವಾದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿಯಲ್ಲಿ, 1112ರ ಇಟಗಿಯ ಮಹಾದೇವ ದೇವಾಲಯದಲ್ಲಿ. ಪಾಪನಾಥದ ಶಿಲ್ಪಿಗಳು ಕಲ್ಲಿನಲ್ಲಿ ಬಿಟ್ಟುಹೋದ ಪ್ರಶ್ನೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಉತ್ತರಕ್ಕಾಗಿ ಕಾದಿತ್ತು.