ಹೊಟ್ಟೆನೋವಿನ ನೆಪ

"ಅಕ್ಕೋರೆ, ಇದನ್ನ ಓದಿ ನಾಕು ಸಾಲು ಬರ್ದು ಕೊಡ್ರಿ" ಎಂದು ಯಾರಾದರೂ ಪುಸ್ತಕ ಕೈಗಿತ್ತರೆ ನಾನು ಓದುತ್ತೇನೆ, ಬರೆಯುವುದಿಲ್ಲ. ವರ್ಷವೆಲ್ಲ ಉತ್ತರಪತ್ರಿಕೆ ತಿದ್ದುವವಳಿಗೆ ರಾತ್ರಿಯ ಓದಿನಲ್ಲೂ ಕೆಂಪು ಶಾಯಿ ಬೇಡವೆನಿಸುತ್ತದೆ. ಅದೂ ಅಲ್ಲದೆ ಶಕ್ತಿನಗರದಂಥ ಸಣ್ಣ ಊರಿನಲ್ಲಿ ಪುಸ್ತಕ ಬರೆದವರು ಮರುದಿನವೇ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂರುತ್ತಾರೆ. ಹಾಗಾಗಿ ಏನಾದರೊಂದು ನೆಪ ಹೇಳುತ್ತೇನೆ. ನೆಪ ಹೇಳುವಾಗಲೆಲ್ಲ ನಮ್ಮ ಜಿಲ್ಲೆಯದೇ ಒಂದು ಹಳೆಯ ಕಥೆ ನೆನಪಾಗುತ್ತದೆ.

ಹದಿನೆಂಟನೆಯ ಶತಮಾನದ ಮಾತು. ಮಾನವಿ ಸೀಮೆಯ ಬ್ಯಾಗವಟದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಅದೇ ಸೀಮೆಯ ಚೀಕಲಪರವಿಯ ವಿಜಯದಾಸರು ಕನ್ನಡದಲ್ಲಿ ಪದ, ಸುಳಾದಿ ಹಾಡಿಕೊಂಡು ತಿರುಗುವವರು. ಅವರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆಂದು ಆಚಾರ್ಯರು ಹೇಳಿಕಳಿಸಿದರಂತೆ. ಗೆಜ್ಜೆ ಕಟ್ಟಿ ಕನ್ನಡ ಹಾಡುವವರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲ, ಅಷ್ಟೇ. ಆಮೇಲೆ ಆ ಹೊಟ್ಟೆನೋವು ನಿಜವಾಗಿಯೇ ಬಂದು, ಯಾವ ಔಷಧಕ್ಕೂ ಬಗ್ಗದೆ, ಕೊನೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಧಾರೆಯೆರೆದು ಉಳಿಸಿದರೆಂದು ಪರಂಪರೆ ಹೇಳುತ್ತದೆ. ಆಚಾರ್ಯರು ಜಗನ್ನಾಥದಾಸರಾದರು. ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ 'ಹರಿಕಥಾಮೃತಸಾರ' ಬರೆದರು. 1809ರಲ್ಲಿ ಮಾನವಿಯಲ್ಲೇ ತೀರಿಕೊಂಡರು.

ಹಿರಿಯರು ಈ ಕಥೆಯನ್ನು ದಾಸರನ್ನು ನಿಂದಿಸಿದ್ದಕ್ಕೆ ಸಿಕ್ಕ ಶಿಕ್ಷೆಯೆಂದು ಹೇಳುತ್ತಾರೆ. ನನ್ನನ್ನು ಕಾಡುವುದು ಬೇರೆಯೇ. ಆಚಾರ್ಯರು ಆ ಪದಗಳನ್ನು ಕೇಳಿ ಚೆನ್ನಾಗಿಲ್ಲ ಎನ್ನಲಿಲ್ಲ. ಕೇಳುವ ಮೊದಲೇ ಅವುಗಳ ಜಾಗ ಯಾವುದೆಂದು ತೀರ್ಮಾನಿಸಿಬಿಟ್ಟಿದ್ದರು. ಇನ್ನೊಂದು ಸ್ವಾರಸ್ಯವಿದೆ. ಕನ್ನಡಕ್ಕೆ ಬಂದಮೇಲೂ ಅವರ ರುಚಿ ಪೂರ್ತಿ ಬದಲಾಗಲಿಲ್ಲ. ಪುರಂದರದಾಸರ ಪದ ನೀರು ತರುವ ಹೆಣ್ಣುಮಗಳ ಬಾಯಲ್ಲಿ ಸಲೀಸಾಗಿ ಕೂತರೆ, 'ಹರಿಕಥಾಮೃತಸಾರ'ಕ್ಕೆ ವ್ಯಾಖ್ಯಾನ ಬೇಕು. ಶಾಸ್ತ್ರದ ಗಂಟನ್ನು ಅವರು ಕೆಳಗಿಳಿಸಲಿಲ್ಲ, ಹೊತ್ತುಕೊಂಡೇ ಕನ್ನಡಕ್ಕೆ ಬಂದರು. ಆದರೂ ಅಕ್ಷರ ಕಲಿಯದ ಎಷ್ಟೋ ಹೆಂಗಸರು ಅದರ ಸಂಧಿಗಳನ್ನು ಬಾಯಿಪಾಠ ಮಾಡಿ, ಮಜ್ಜಿಗೆ ಕಡೆಯುತ್ತ ಹೇಳಿಕೊಂಡರು. ಪಂಡಿತರ ಅಪ್ಪಣೆಗೆ ಅವರೇನೂ ಕಾಯಲಿಲ್ಲ.

ಕೇಳದೆ ಜಾಗ ತೋರಿಸುವ ಚಾಳಿ ನಮ್ಮ ಕಾಲಕ್ಕೂ ಬಂತು. ಹೆಂಗಸರ ಕಾದಂಬರಿಗಳಿಗೆ 'ಅಡುಗೆಮನೆ ಸಾಹಿತ್ಯ' ಎಂದು ಹೆಸರಿಟ್ಟವರೂ ವಿಮರ್ಶಕರೇ. 1963ರಲ್ಲಿ ತೀರಿಕೊಂಡ ತ್ರಿವೇಣಿ 'ಶರಪಂಜರ'ದಲ್ಲಿ ಹೆಣ್ಣಿನ ಮನಸ್ಸಿನ ಕಾಯಿಲೆಯನ್ನೂ, ಅದು ವಾಸಿಯಾದ ಮೇಲೆ ಮನೆಯವರೇ ಅವಳನ್ನು ನೋಡುವ ನೋಟವನ್ನೂ ಬರೆದರು. ಅದು ಯಾವ ಅಡುಗೆಮನೆಯ ಕಥೆಯೋ! ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದಾಗ ಅವರಿಗೆ 45 ದಾಟಿತ್ತು. ಮದುವೆಯಾಗಿ, ಮಕ್ಕಳನ್ನು ದೊಡ್ಡ ಮಾಡಿದ ಮೇಲೆ ಕೈಗೆತ್ತಿಕೊಂಡ ಲೇಖನಿ. ಆ ಅಡುಗೆಮನೆಯಿಂದಲೇ 1976ರಲ್ಲಿ 'ಫಣಿಯಮ್ಮ' ಬಂತು. ಬಾಲವಿಧವೆಯೊಬ್ಬಳ ಬಾಳನ್ನು ಅಷ್ಟು ಸದ್ದಿಲ್ಲದೆ, ಅಷ್ಟು ನಿಷ್ಠುರವಾಗಿ ಹೇಳಿದ ಪುಸ್ತಕ ನಾನು ಇನ್ನೊಂದು ಓದಿಲ್ಲ.

ನೋಡಿ, ಬೇಡ ಬೇಡವೆನ್ನುತ್ತಲೇ ವಿಮರ್ಶೆ ಮಾಡಿಬಿಟ್ಟೆ. ಇರಲಿ. ವಿಜಯದಾಸರ ಸುಳಾದಿಗಳು ದೊಡ್ಡವೆಂದು ಬಲ್ಲವರು ಹೇಳುತ್ತಾರೆ. ನನಗೆ ಮಾತ್ರ ಅವರ ಸಣ್ಣ ಪದಗಳೇ ಇಷ್ಟ. ಯಾಕೆಂದು ನಾಕು ಸಾಲು ಬರೆದುಕೊಡಿ ಅನ್ನಬೇಡಿ, ಇವತ್ತು ಯಾಕೋ ಹೊಟ್ಟೆ ಸರಿಯಿಲ್ಲ.