ಬೆಂಗಳೂರು ಕೋಟೆ ಒಡೆದವನು ಗಾಜೀಪುರದಲ್ಲಿ ಮಲಗಿದ್ದಾನೆ

ಕಾಶಿಗೆ ಬರುವ ನಮ್ಮವರು ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿ, ಕರ್ನಾಟಕ ಘಾಟ್‌ಗೆ ಹೋಗಿ ಬಂದು ರೈಲು ಹತ್ತುತ್ತಾರೆ. ನಾನು ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಇರುವುದು ಕಂಟೋನ್ಮೆಂಟ್ ಕಡೆ. "ಇನ್ನೇನಿದೆ ನೋಡೋಕೆ?" ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಗಾಜೀಪುರಕ್ಕೆ ಹೋಗಿ ಬನ್ನಿ, ಸುಮಾರು 75 ಕಿ.ಮೀ. ಅಲ್ಲಿ ಗಂಗೆಯ ದಡದ ಹತ್ತಿರ, ಕಂಬಗಳ ಮೇಲೆ ಗುಮ್ಮಟ ಹೊತ್ತ ಒಂದು ಗೋರಿಯಿದೆ. ಒಳಗಿರುವವನು ಲಾರ್ಡ್ ಕಾರ್ನ್‌ವಾಲಿಸ್!

ಇವನ ಕಥೆ ಶುರುವಾಗುವುದೇ ಸೋಲಿನಿಂದ ಎನ್ನಬಹುದು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಎದುರು ಶರಣಾದ. ಗೆದ್ದ ಸೇನಾಪತಿ 1789ರಲ್ಲಿ ಅಮೆರಿಕದ ಅಧ್ಯಕ್ಷನಾದ. ಸೋತವನು ಅದಕ್ಕೂ ಮೂರು ವರ್ಷ ಮೊದಲೇ, 1786ರಲ್ಲಿ, ಕಲ್ಕತ್ತೆಗೆ ಗವರ್ನರ್ ಜನರಲ್ ಆಗಿ ಬಂದ. ಸೇನೆಯ ದಂಡನಾಯಕತ್ವವೂ ಅವನದೇ. ಬೇಕಿದ್ದರೆ ಕೌನ್ಸಿಲ್ಲಿನ ಮಾತನ್ನು ತಳ್ಳಿಹಾಕುವ ಅಧಿಕಾರವನ್ನೂ ಕೇಳಿ ಪಡೆದಿದ್ದ.

ಮುಂದಿನದು ನಮಗೆ ಗೊತ್ತಿರುವ ಕಥೆ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋದರೂ ಮಳೆ, ಆಹಾರದ ಅಭಾವ, ಎತ್ತುಗಳ ಸಾವು ಎಲ್ಲ ಸೇರಿ, ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1792ರಲ್ಲಿ ಮತ್ತೆ ಬಂದು ಗೆದ್ದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಆದರೆ ನನಗೆ ಯುದ್ಧಕ್ಕಿಂತ ದೊಡ್ಡದಾಗಿ ಕಾಣುವುದು 1793ರಲ್ಲಿ ಅವನು ಬಂಗಾಳ, ಬಿಹಾರಗಳಲ್ಲಿ ತಂದ ಕಾಯಂ ಜಮೀನ್ದಾರಿ. ಸರ್ಕಾರಕ್ಕೆ ಕಂದಾಯ ಕಟ್ಟುವವನು ಜಮೀನ್ದಾರ. ಆ ಮೊತ್ತ ಎಂದೆಂದಿಗೂ ಅಷ್ಟೇ. ಉಳುವವನು ಜಮೀನ್ದಾರನಿಗೆ ಎಷ್ಟು ಕೊಡಬೇಕು ಎಂಬುದು ಮಾತ್ರ ಅಷ್ಟು ಗಟ್ಟಿಯಾಗಿ ನಿಗದಿಯಾಗಲಿಲ್ಲ. ಅವನು ಇಂಗ್ಲೆಂಡಿಗೆ ಮರಳಿದ ಮೇಲೆ, 1795ರಲ್ಲಿ, ಅದೇ ಪದ್ಧತಿ ನಮ್ಮ ಈ ಬನಾರಸ್ ಸೀಮೆಗೂ ಬಂತು.

ಈಗ ತಮಾಷೆ ನೋಡಿ. ಟಿಪ್ಪುವಿನಿಂದ ಕಿತ್ತುಕೊಂಡ ಬಾರಾಮಹಲ್, ಅಂದರೆ ಕೃಷ್ಣಗಿರಿ–ಧರ್ಮಪುರಿ ಕಡೆ, ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೋ ಎಂಬ ಇಬ್ಬರು ಸೈನಿಕರೇ ರೈತನೊಂದಿಗೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿ ಬೆಳೆಸಿದರು. 1800ರ ನಂತರ ಮನ್ರೋ ಅದನ್ನು ಬಳ್ಳಾರಿಗೂ ತಂದ. ದಂಡನಾಯಕನಾಗಿ ಗೆದ್ದ ನೆಲದಲ್ಲಿ ರೈತವಾರಿ, ಆಳುವವನಾಗಿ ಕಾನೂನು ಬರೆದ ನೆಲದಲ್ಲಿ ಜಮೀನ್ದಾರಿ! ರೈತವಾರಿಯಲ್ಲಿ ರೈತ ಸುಖವಾಗಿದ್ದ ಅಂತಲ್ಲ. ಕಂದಾಯದ ಭಾರ ಅಲ್ಲಿಯೂ ಜಾಸ್ತಿಯೇ. ಆದರೆ ಸರ್ಕಾರದ ಲೆಕ್ಕದಲ್ಲಿ ಅವನ ಹೆಸರಿತ್ತು. ನಮ್ಮ ಮನೆಗೆ ಹಾಲು ತರುವ ಹಿರಿಯರು "ಅಜ್ಜ ಉಳುತ್ತಿದ್ದ ಹೊಲ ಬಾಬು ಸಾಹೇಬರದ್ದು" ಎನ್ನುತ್ತಾರೆ. ಅವರಿಗೆ ಬಿಡುಗಡೆ ಸಿಕ್ಕಿದ್ದು 1950ರ ದಶಕದಲ್ಲಿ, ಜಮೀನ್ದಾರಿ ರದ್ದಾದ ಮೇಲೆ.

ಕಾರ್ನ್‌ವಾಲಿಸ್ 1805ರ ಜುಲೈನಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದ. ಈ ಸಲ ಬಂದದ್ದು ಮರಾಠರೊಂದಿಗಿನ ಯುದ್ಧ ನಿಲ್ಲಿಸುವುದಕ್ಕೆ. ಗಂಗೆಯ ಮೇಲೆ ದೋಣಿಯಲ್ಲಿ ಬರುವಾಗಲೇ ಕಾಯಿಲೆ ಜೋರಾಗಿ, ಅಕ್ಟೋಬರ್ 5ರಂದು ಗಾಜೀಪುರದಲ್ಲಿ ತೀರಿಕೊಂಡ. ಆಗ 66 ವರ್ಷ.

ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಅವನ ಸೈನ್ಯ ಕೋಟೆಗೆ ನುಗ್ಗಿದ ಜಾಗವನ್ನು ಹೇಳುವ ಕಲ್ಲು ಇದೆಯಲ್ಲ, ಅದನ್ನು ನೋಡಿದವರು ಮುಂದಿನ ಸಲ ಕಾಶಿಗೆ ಬಂದಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಗೋರಿ ನೋಡಿ. ಹೋಗುತ್ತಾ ದಾರಿಯುದ್ದಕ್ಕೂ ಇರುವ ಹೊಲಗಳನ್ನೂ ನೋಡಿ.