ಪರಿಸರ ಪರಿಣಾಮ ಅಧ್ಯಯನ (ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ನೀರಾವರಿ)

ನದಿ ಯೋಜನೆಗಳಿಂದ ನೆಲ, ಜಲ, ಕಾಡು ಮತ್ತು ಜನಜೀವನದ ಮೇಲಾಗುವ ಪರಿಣಾಮವನ್ನು ಕಾಮಗಾರಿಗೆ ಮೊದಲೇ ಅಂದಾಜಿಸುವ ಶಾಸನಬದ್ಧ ಕ್ರಮ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬರಪೀಡಿತ ಸೀಮೆ. ಇಲ್ಲಿ ನೀರು ಬಂದರೆ ಸಾಕೆಂಬ ಆತುರದಲ್ಲಿ ಅಧ್ಯಯನ ಹಿಂದೆ ಬೀಳುವುದು ಸಹಜ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕಾಲಕ್ಕೆ ಇಂಥ ಕಾನೂನೇ ಇರಲಿಲ್ಲ. ಹಿನ್ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಜಲಾನಯನ ಪ್ರದೇಶದ ಮಣ್ಣಿನ ಸವಕಳಿಯನ್ನು ಮೊದಲೇ ಅಳೆಯಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೇಂದ್ರ ಸರ್ಕಾರ 1994ರಲ್ಲಿ ಅಧ್ಯಯನವನ್ನು ಕಡ್ಡಾಯಗೊಳಿಸಿತು. 2006ರ ಅಧಿಸೂಚನೆ ಮೂಲರೂಪದಲ್ಲಿ 10,000 ಹೆಕ್ಟೇರ್ ಮತ್ತು ಅದಕ್ಕೂ ಮೇಲ್ಪಟ್ಟ ಅಚ್ಚುಕಟ್ಟಿನ ಯೋಜನೆಗಳ ಪರಿಶೀಲನೆಯನ್ನು ಕೇಂದ್ರಕ್ಕೇ ಒಪ್ಪಿಸಿತ್ತು. ಸಾರ್ವಜನಿಕ ಅಹವಾಲು ಸಭೆ ನಡೆಸುವ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು.

ಹಮ್ಮಿಗಿ ಬ್ಯಾರೇಜಿನಿಂದ ಹಡಗಲಿ ಕಡೆಗೂ ನೀರೆತ್ತುವ ಸಿಂಗಟಾಲೂರು ಏತ ನೀರಾವರಿ, ಚಿಕ್ಕಹಗರಿಯ ಮಾಲವಿ ಜಲಾಶಯ, ಕೂಡ್ಲಿಗಿಯ 74 ಕೆರೆ ತುಂಬಿಸುವ ಯೋಜನೆ – ಎಲ್ಲವೂ ತುಂಗಭದ್ರಾ ಕೊಳ್ಳದವೇ. ಒಂದೊಂದನ್ನೇ ಬಿಡಿಯಾಗಿ ತೂಗಿದರೆ ನದಿಯ ಮೇಲಿನ ಒಟ್ಟು ಹೊರೆ ಲೆಕ್ಕಕ್ಕೆ ಸಿಗುವುದಿಲ್ಲ. ನೀರಿನ ಲೆಕ್ಕದ ಜೊತೆಗೆ ಜೀವಿಗಳ ಪಾಡನ್ನೂ ನೋಡಬೇಕು: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನೀರಿನ ಮಟ್ಟದ ಏರಿಳಿತ ನೇರವಾಗಿ ತಟ್ಟುವುದು ಇವಕ್ಕೆ. ಈ ಕೆರೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಆಯಿತು.